ಬಿರುಸು ಮಳೆಗೆ ನಿಮ್ಮ ಹೊಲದ ಮಣ್ಣು ಸಜ್ಜಾಗಿದೆಯಾ? ನೀವೇ ನೋಡಿಕೊಳ್ಳುವ ಬಗೆ

ಮಳೆಗಾಲ ಮುಗಿದಾಗ "ಈ ಸಲ ವಾಡಿಕೆಯಷ್ಟು ಮಳೆ ಆಗಿದೆ" ಅಂತ ಸುದ್ದಿ ಬರುತ್ತದೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಆದರೆ ಹೊಲದಲ್ಲಿ ರಾಗಿ ಬಾಡಿರುತ್ತದೆ, ಬದು ಕೊಚ್ಚಿಹೋಗಿರುತ್ತದೆ, ಕೊಳವೆಬಾವಿ ಮೊದಲಿನ ಹಾಗೇ ಕೆಮ್ಮುತ್ತಿರುತ್ತದೆ. ಹಾಗಾದರೆ ಬಿದ್ದ ಮಳೆ ಎಲ್ಲಿ ಹೋಯಿತು?

ಒಂದು ಲೆಕ್ಕ ಹಾಕೋಣ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. 60 ಮಿ.ಮೀ. ಬಿದ್ದರೆ ಎರಡು ಲಕ್ಷದ ನಲವತ್ತು ಸಾವಿರ ಲೀಟರ್. ಈ 60 ಮಿ.ಮೀ. ಮೂರು ದಿನ ಜಿನುಗಿದರೆ ಹೆಚ್ಚೂಕಡಿಮೆ ಎಲ್ಲವೂ ನೆಲಕ್ಕೆ ಇಳಿಯುತ್ತದೆ. ಅದೇ ಮಳೆ ಒಂದೇ ಗಂಟೆಯಲ್ಲಿ ಸುರಿಯಿತು ಅಂದುಕೊಳ್ಳಿ. ನಿಮ್ಮ ಮಣ್ಣು ಗಂಟೆಗೆ 15 ಮಿ.ಮೀ. ಮಾತ್ರ ಕುಡಿಯಬಲ್ಲದು. ಉಳಿದ 45 ಮಿ.ಮೀ. ಹರಿದು ಹೋಗುತ್ತದೆ. ಅಂದರೆ 5,000 ಲೀಟರಿನ ಟ್ಯಾಂಕರ್ 36 ಸಲ ತುಂಬುವಷ್ಟು ನೀರು, ಒಂದೇ ಎಕರೆಯಿಂದ. ಮಳೆಮಾಪಕದಲ್ಲಿ ಮಾತ್ರ ಎರಡೂ ಒಂದೇ ಮಳೆ.

ಮಳೆ ಬರುವ ರೀತಿ ಬದಲಾಗುತ್ತಿದೆ ಅನ್ನುವುದು ಸುಮ್ನೆ ಕಟ್ಟೆ ಮೇಲಿನ ಮಾತಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಸುರಿಸುವಾಗ ಜಾಸ್ತಿ ಸುರಿಸುತ್ತದೆ. ಮಧ್ಯ ಭಾರತದಲ್ಲಿ 1950ರಿಂದ 2015ರವರೆಗಿನ ಮಳೆ ಲೆಕ್ಕ ನೋಡಿದಾಗ, ವಿಶಾಲ ಪ್ರದೇಶದಲ್ಲಿ ಒಮ್ಮೆಲೇ ಸುರಿಯುವ ಅತಿ ಬಿರುಸಿನ ಮಳೆಗಳು ಸುಮಾರು ಮೂರು ಪಟ್ಟಾಗಿದ್ದು ಕಂಡುಬಂದಿದೆ. ನಮ್ಮ ರಾಜ್ಯದ ಮಟ್ಟಿಗೆ 2022 ಮತ್ತು 2023 ನೆನಪಿಸಿಕೊಂಡರೆ ಸಾಕು. ಮೊದಲ ವರ್ಷ ಕೆರೆಗಳು ಕೋಡಿ ಬಿದ್ದವು. ಮರುವರ್ಷದ ಆಗಸ್ಟ್ 1901ರಿಂದೀಚೆಗೆ ದೇಶದಲ್ಲೇ ಅತಿ ಕಡಿಮೆ ಮಳೆಯ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು.

ಮಳೆಯನ್ನು ನಾವು ಬದಲಿಸಲು ಆಗುವುದಿಲ್ಲ. ಮಣ್ಣು ಗಂಟೆಗೆ ಎಷ್ಟು ನೀರು ಕುಡಿಯುತ್ತದೆ ಅನ್ನುವುದನ್ನು ಬದಲಿಸಬಹುದು. ಈ ಲೇಖನ ಅದರ ಬಗ್ಗೆಯೇ.

ಮೊದಲು, ಮಣ್ಣಿಗೆ ಏನಾಗುತ್ತದೆ?

ಒಳ್ಳೆಯ ಮಣ್ಣು ಪುಡಿಯಲ್ಲ. ಸಣ್ಣ ಸಣ್ಣ ಹರಳುಗಳ ಹಾಗೆ ಕೂಡಿಕೊಂಡಿರುತ್ತದೆ. ಬೇರು, ಎರೆಹುಳು, ಶಿಲೀಂಧ್ರದ ಎಳೆ, ಕೊಳೆತ ಗೊಬ್ಬರದ ಅಂಟು, ಇವೆಲ್ಲ ಸೇರಿ ಆ ಹರಳುಗಳನ್ನು ಕಟ್ಟುತ್ತವೆ. ಹರಳುಗಳ ನಡುವಿನ ದೊಡ್ಡ ಸಂದುಗಳಲ್ಲಿ ನೀರು ಕೆಳಗಿಳಿಯುತ್ತದೆ. ಹರಳಿನ ಒಳಗಿನ ಸಣ್ಣ ರಂಧ್ರಗಳಲ್ಲಿ ನೀರು ಬೆಳೆಗಾಗಿ ಉಳಿಯುತ್ತದೆ.

ಬಿರುಸು ಮಳೆ ಇದನ್ನು ಎರಡು ಕಡೆಯಿಂದ ಒಡೆಯುತ್ತದೆ. ಮೊದಲನೆಯದು ಹನಿಯ ಏಟು. ದಪ್ಪ ಹನಿ ನೆಲಕ್ಕೆ ಬಡಿಯುವಾಗ ಅದರ ವೇಗ ಗಂಟೆಗೆ 30 ಕಿ.ಮೀ. ದಾಟಿರುತ್ತದೆ. ಬರಿಯ ನೆಲಕ್ಕೆ ಬಿದ್ದರೆ ಹರಳು ಚೂರಾಗುತ್ತದೆ. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ, ಆದರೆ ಹೆಚ್ಚು ಕೆಟ್ಟದ್ದು. ಬಿಸಿಲಿಗೆ ಪೂರ್ತಿ ಒಣಗಿದ ಹೆಂಟೆಯೊಳಗೆ ಗಾಳಿ ತುಂಬಿರುತ್ತದೆ. ನೀರು ಒಮ್ಮೆಲೇ ಸುತ್ತಲಿಂದ ನುಗ್ಗಿದಾಗ ಆ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಒತ್ತಡ ಏರಿ ಹೆಂಟೆ ಒಳಗಿಂದ ಸಿಡಿಯುತ್ತದೆ. ಮೊದಲೇ ಸ್ವಲ್ಪ ಹಸಿಯಿದ್ದ ಹೆಂಟೆ ಇಷ್ಟು ಸುಲಭವಾಗಿ ಒಡೆಯುವುದಿಲ್ಲ.

ಇಪ್ಪತ್ತು ದಿನ ಸುಡುಬಿಸಿಲು, ಆಮೇಲೆ ಒಂದೇ ಸಂಜೆ 50 ಮಿ.ಮೀ. ಮಣ್ಣಿನ ಹರಳುಗಳಿಗೆ ಇದಕ್ಕಿಂತ ಕೆಟ್ಟ ಜೋಡಿ ಇನ್ನೊಂದಿಲ್ಲ. ಈಗ ಹೆಚ್ಚುತ್ತಿರುವುದೂ ಇದೇ.

ಒಡೆದ ಚೂರು ಸಂದುಗಳನ್ನು ಮುಚ್ಚುತ್ತದೆ. ನೀರು ಇಳಿಯುವುದು ನಿಲ್ಲುತ್ತದೆ, ಹರಿಯಲು ಶುರುವಾಗುತ್ತದೆ. ಮಾರನೇ ದಿನ ಬಿಸಿಲು ಬಿದ್ದರೆ ಮೇಲ್ಪದರ ಹೆಪ್ಪುಗಟ್ಟುತ್ತದೆ. ಮುಂದಿನ ಮಳೆಗೆ ಬಾಗಿಲು ಮೊದಲೇ ಹಾಕಿದಂತಾಯಿತು.

ಹಂತ 1: ಮಳೆಯನ್ನು ಹೊತ್ತಿನ ಜೊತೆ ಅಳೆಯಿರಿ

ನೇರ ಗೋಡೆಯ, ತಳ ಸಪಾಟಾದ ಯಾವ ಡಬ್ಬಿಯಾದರೂ ಮಳೆಮಾಪಕವೇ. ಬಾಯಿ ದೊಡ್ಡದಿದೆಯೋ ಚಿಕ್ಕದಿದೆಯೋ ಮುಖ್ಯವಲ್ಲ, ಬಾಯಿ ಮತ್ತು ತಳ ಒಂದೇ ಅಳತೆ ಇರಬೇಕು. ಮರ, ಸೂರಿನಿಂದ ದೂರ, ಬಯಲಲ್ಲಿ ಇಡಿ. ಮಳೆ ನಿಂತ ಮೇಲೆ ಸ್ಕೇಲಿಳಿಸಿ ಮಿಲಿಮೀಟರ್ ನೋಡಿ.

ಎಲ್ಲರೂ ಇಷ್ಟು ಮಾಡಿ ಬಿಡುತ್ತಾರೆ. ನೀವು ಮಳೆ ಎಷ್ಟು ಹೊತ್ತು ಬಿತ್ತು ಅನ್ನುವುದನ್ನೂ ಬರೆಯಿರಿ. "40 ಮಿ.ಮೀ., ಮುಕ್ಕಾಲು ಗಂಟೆ" ಅನ್ನುವುದು ಒಂದು ಕಥೆ. "40 ಮಿ.ಮೀ., ರಾತ್ರಿಯಿಡೀ" ಅನ್ನುವುದು ಬೇರೆಯೇ ಕಥೆ. ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ: ಹೊಲದಿಂದ ನೀರು ಹೊರಗೆ ಹರಿಯಿತೇ? ಹರಿದಿದ್ದರೆ ತಿಳಿಯಾಗಿತ್ತೇ, ಕೆಂಪಾಗಿತ್ತೇ? ಒಂದು ಮಳೆಗಾಲ ಹೀಗೆ ಬರೆದರೆ, ಎಷ್ಟು ಜೋರಿನ ಮಳೆಗೆ ನಿಮ್ಮ ಹೊಲ ಕೈಚೆಲ್ಲುತ್ತದೆ ಅನ್ನುವುದು ನಿಮಗೇ ಗೊತ್ತಾಗುತ್ತದೆ.

ಡಬ್ಬಿಯ ತಾಪತ್ರಯ ಬೇಡ ಅನ್ನುವವರಿಗೆ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಅವರ 'ವರುಣ ಮಿತ್ರ' ಸಹಾಯವಾಣಿಯಲ್ಲಿ ಮಳೆಯ ಮಾಹಿತಿ, ಮುನ್ಸೂಚನೆ ಸಿಗುತ್ತದೆ. ಆದರೆ ಊರಿನ ಒಂದು ಮಗ್ಗುಲಿಗೆ ಬಿದ್ದ ಮಳೆ ಇನ್ನೊಂದು ಮಗ್ಗುಲಿಗೆ ಬೀಳದ ಕಾಲ ಇದು. ನಿಮ್ಮ ಹೊಲದ ಡಬ್ಬಿಯೇ ನಂಬಿಕಸ್ಥ.

ಹಂತ 2: ಒಂದು ಹೆಂಟೆ, ಒಂದು ಲೋಟ ನೀರು

ಇದು ಪೈಸೆ ಖರ್ಚಿಲ್ಲದ ಪರೀಕ್ಷೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಉಪಯೋಗದ್ದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹೊಲದ ನಾಲ್ಕೈದು ಕಡೆಯಿಂದ, ಮೇಲಿನ ಎರಡು ಮೂರು ಇಂಚಿನೊಳಗಿನ, ನಿಂಬೆಕಾಯಿಗಿಂತ ಚಿಕ್ಕ ಹೆಂಟೆ ತನ್ನಿ. ಬದುವಿನ ಹುಲ್ಲಿನ ಬುಡದಿಂದಲೂ ಒಂದು ತನ್ನಿ. ಎಲ್ಲವನ್ನೂ ನೆರಳಲ್ಲಿ ಚೆನ್ನಾಗಿ ಒಣಗಿಸಿ. ಗಾಜಿನ ಲೋಟಗಳಲ್ಲಿ ಮಳೆನೀರು ತುಂಬಿ. ಮಳೆನೀರು ಯಾಕೆ ಅಂದರೆ, ಕೊಳವೆಬಾವಿ ನೀರಿನ ಲವಣದಿಂದ ಫಲಿತಾಂಶ ಕೆಡುತ್ತದೆ. ಹೆಂಟೆಯನ್ನು ಮೆಲ್ಲಗೆ ನೀರಿಗಿಳಿಸಿ, ಅಲ್ಲಾಡಿಸದೆ ನೋಡಿ.

ಐದು ನಿಮಿಷದಲ್ಲೇ ಹೆಂಟೆ ಕುಸಿದು ತಳದಲ್ಲಿ ಗುಡ್ಡೆಯಾಯಿತೇ? ನೀರು ಮಾತ್ರ ತಿಳಿಯಾಗಿಯೇ ಇದೆಯೇ? ಹಾಗಾದರೆ ಮಣ್ಣಿನಲ್ಲಿ ಅಂಟು ಕಡಿಮೆ, ಅಂದರೆ ಸಾವಯವ ಪದಾರ್ಥ ಸಾಲದು. ಗೊಬ್ಬರ, ಹಸಿರೆಲೆ, ಬೇರು, ಹೊದಿಕೆ ಇದಕ್ಕೆ ಮದ್ದು.

ಒಂದೆರಡು ಗಂಟೆ ಕಾಯಿರಿ. ಹೆಂಟೆಯ ಸುತ್ತ ಹಾಲು ಕದಡಿದ ಹಾಗೆ ಬಿಳಿ ಮಬ್ಬು ಹರಡುತ್ತಿದೆಯೇ? ಆಗ ತೊಂದರೆ ಬೇರೆ. ಜೇಡಿಯ ಕಣಗಳೇ ಒಂದನ್ನೊಂದು ಬಿಟ್ಟು ನೀರಿನಲ್ಲಿ ತೇಲುತ್ತಿವೆ. ಮಣ್ಣಿನಲ್ಲಿ ಸೋಡಿಯಂ ಜಾಸ್ತಿ ಇರುವ ಲಕ್ಷಣ ಇದು. ತುಂಗಭದ್ರಾ, ಕೃಷ್ಣಾ ಅಚ್ಚುಕಟ್ಟಿನ ಉಪ್ಪೇರಿ, ನೀರು ನಿಂತು ಸವಳು-ಜವಳು ಆದ ಎರೆ (ಕಪ್ಪು ಮಣ್ಣಿನ) ಹೊಲಗಳಲ್ಲಿ, ಕೆಟ್ಟ ನೀರಿನ ಕೊಳವೆಬಾವಿ ಹಾಯಿಸಿದ ಹೊಲಗಳಲ್ಲಿ ಇದನ್ನು ನೋಡಬಹುದು. ಇಲ್ಲಿ ಬರೀ ಗೊಬ್ಬರ ಸುರಿದರೆ ಆಗದು. ಮಣ್ಣು ಪರೀಕ್ಷೆ ಮಾಡಿಸಿ, ಅವರು ಹೇಳಿದ ಪ್ರಮಾಣದಲ್ಲಿ ಜಿಪ್ಸಂ ಹಾಕಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂನ ಜಾಗ ಹಿಡಿಯುತ್ತದೆ. ಬಿಡುಗಡೆಯಾದ ಸೋಡಿಯಂ ತೊಳೆದು ಹೋಗಲು ಬಸಿಗಾಲುವೆಯೂ ಬೇಕು. ಬಸಿಯುವ ದಾರಿ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ದುಡ್ಡು ಹಾಳು.

ಬದುವಿನ ಹೆಂಟೆಯನ್ನೂ ತರಲು ಹೇಳಿದ್ದು ಇದಕ್ಕೇ: ಬಹುತೇಕ ಅದು ಗಟ್ಟಿಯಾಗಿ ಕೂತಿರುತ್ತದೆ. ಅದೇ ಊರು, ಅದೇ ಮಳೆ, ಅದೇ ಮಣ್ಣು. ಉಳದೆ ಬಿಟ್ಟು, ಸದಾ ಬೇರು ಮತ್ತು ಹುಲ್ಲಿನ ಹೊದಿಕೆ ಇದ್ದದ್ದಷ್ಟೇ ವ್ಯತ್ಯಾಸ.

ಹಂತ 3: ಮಣ್ಣು ಎಷ್ಟು ಬೇಗ ಕುಡಿಯುತ್ತದೆ?

ಒಳ ಅಗಲ 15 ಸೆಂ.ಮೀ. ಇರುವ ಪಿವಿಸಿ ಪೈಪಿನ ಗೇಣುದ್ದದ ತುಂಡು ಬೇಕು. ಆರಿಂಚಿನ ಪೈಪಿನ ಚೂರು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಅಂಚನ್ನು ಉಜ್ಜಿ ಚೂಪು ಮಾಡಿ. ಮೇಲೆ ಹಲಗೆ ಇಟ್ಟು ಸುತ್ತಿಗೆಯಿಂದ ಹೊಡೆದು ಎರಡು ಮೂರು ಇಂಚು ನೆಲಕ್ಕಿಳಿಸಿ. ಒಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿ, 440 ಮಿ.ಲೀ. ನೀರು ಹುಯ್ದು, ಹಾಳೆಯನ್ನು ಮೆಲ್ಲಗೆ ಎಳೆದುಕೊಳ್ಳಿ. ಇದು 25 ಮಿ.ಮೀ. ಮಳೆಗೆ ಸಮ. ಪೂರ್ತಿ ಇಂಗಲು ಎಷ್ಟು ಹೊತ್ತಾಯಿತು ನೋಡಿ.

ಮೊದಲ ಸಲದ ಲೆಕ್ಕವನ್ನು ನಂಬಬೇಡಿ. ಒಣ ಮಣ್ಣು ಬಾಯಾರಿರುತ್ತದೆ, ಗಟಗಟ ಕುಡಿಯುತ್ತದೆ. ಅದು ಇಂಗಿದ ಕೂಡಲೇ ಇನ್ನೊಮ್ಮೆ ಅಷ್ಟೇ ನೀರು ಹುಯ್ಯಿರಿ. ಎರಡನೆಯ ಸಲದ ಹೊತ್ತೇ ನಿಜವಾದ ಹೊತ್ತು. ಅರ್ಧ ಗಂಟೆಯಲ್ಲಿ ಇಂಗಿದರೆ ಗಂಟೆಗೆ 50 ಮಿ.ಮೀ., ತುಂಬಾ ಚೆನ್ನಾಗಿದೆ. ಎರಡು ಗಂಟೆಯಾದರೆ ಗಂಟೆಗೆ ಸುಮಾರು 12 ಮಿ.ಮೀ. ಮರಳು ಹೆಚ್ಚಿರುವ ಗೋಡಿನಲ್ಲಿ ಗಂಟೆಗೆ 20–30, ಮರಳು-ಜೇಡಿ ಹದವಾಗಿ ಬೆರೆತ ಗೋಡು ಮಣ್ಣಿನಲ್ಲಿ 10–20, ಜೇಡಿಯಲ್ಲಿ 1–5 ಮಿ.ಮೀ. ಇಂಗುವುದು ಸಾಮಾನ್ಯ. ನಿಮ್ಮದು ಮರಳು ಮಿಶ್ರಿತ ಕೆಂಪು ಮಣ್ಣಾಗಿದ್ದೂ ಗಂಟೆಗೆ 5 ಬಂದರೆ, ಮೇಲೆ ಹೆಪ್ಪುಗಟ್ಟಿದೆ ಅಥವಾ ಒಳಗೆ ಗಟ್ಟಿ ಪದರ ಇದೆ ಅಂತಲೇ ಅರ್ಥ. ಯಾವುದು ಅಂತ ತಿಳಿಯಲು ಪೈಪಿನ ಒಳಗಿನ ಮೇಲ್ಪದರವನ್ನು ಬೆರಳಿನಿಂದ ಕೆದಕಿ ಮತ್ತೆ ನೀರು ಹುಯ್ಯಿರಿ. ಬೇಗ ಇಂಗಿದರೆ ದೋಷ ಮೇಲ್ಪದರದ್ದು.

ಕೆದಕಿದರೂ ಇಂಗದಿದ್ದರೆ ಒಂದು ಕಬ್ಬಿಣದ ಸರಳು ತೆಗೆದುಕೊಳ್ಳಿ. ಹೊಲ ಚೆನ್ನಾಗಿ ನೆನೆದ ಎರಡು ದಿನಕ್ಕೆ ಅದನ್ನು ಒಂದೇ ಸಮ ಬಲದಲ್ಲಿ ಒತ್ತಿ. ಆರೇಳು ಇಂಚಿಗೆ ತಟ್ಟನೆ ತಡೆದು, ಬಲ ಹಾಕಿದರೆ ಮತ್ತೆ ಸಲೀಸಾಗಿ ಇಳಿದರೆ, ಅಲ್ಲೊಂದು ಗಟ್ಟಿ ಪದರ ಇದೆ. ವರ್ಷ ವರ್ಷ ಒಂದೇ ಆಳಕ್ಕೆ ನೇಗಿಲು, ರೋಟವೇಟರ್ ಹೊಡೆದದ್ದರ ಫಲ ಅದು. ಕಿತ್ತ ತೊಗರಿ ಗಿಡದ ತಾಯಿಬೇರು ಅದೇ ಆಳದಲ್ಲಿ ಮೊಣಕೈಯಂತೆ ಮಡಚಿಕೊಂಡಿದ್ದರೆ ಇನ್ನು ಅನುಮಾನವೇ ಬೇಡ.

ಹಂತ 4: ಮಳೆ ಕೈಕೊಟ್ಟರೆ ಎಷ್ಟು ದಿನ ತಡೆಯುತ್ತದೆ?

ಒಂದು ಮೀಟರ್ ಆಳದ ಎರೆ ಮಣ್ಣು, ಬೆಳೆಗೆ ಸಿಗುವಂಥ ನೀರನ್ನು ಸುಮಾರು 150ರಿಂದ 200 ಮಿ.ಮೀ. ಹಿಡಿದಿಡುತ್ತದೆ. ಮರಳು ಮಿಶ್ರಿತ ಕೆಂಪು ಮಣ್ಣು ಹಿಡಿಯುವುದು ಅದರ ಅರ್ಧದ ಆಸುಪಾಸು. ಅದೂ ನಮ್ಮ ಕೆಂಪು ಹೊಲಗಳಲ್ಲಿ ಎರಡು ಅಡಿಗೇ ಗರಸು ಸಿಗುವುದು ಸಾಮಾನ್ಯ ಅಲ್ವಾ? ಎರಡು ಅಡಿ ಅಂದರೆ 50ರಿಂದ 60 ಮಿ.ಮೀ. ಬೆಳೆದ ಪೈರು ದಿನಕ್ಕೆ ನಾಲ್ಕೈದು ಮಿ.ಮೀ. ಕುಡಿಯುತ್ತದೆ. ಹನ್ನೆರಡು ದಿನಕ್ಕೆ ಖಾಲಿ. ಪೈರು ಬಾಡುವುದು ಅದಕ್ಕೂ ಮೊದಲೇ ಶುರುವಾಗುತ್ತದೆ.

ಆರೇಳು ಇಂಚಿಗೆ ಗಟ್ಟಿ ಪದರ ಇದ್ದರೆ ಬೇರು ಕೆಳಗಿಳಿಯುವುದಿಲ್ಲ. ಆಗ ಉಳಿಯುವುದು ಮೂರು ನಾಲ್ಕು ದಿನದ ನೀರು. "ವಾರ ಮಳೆ ಬರಲಿಲ್ಲ, ಪೈರು ಹೋಯಿತು" ಅನ್ನುವ ಹೊಲಕ್ಕೂ, ಪಕ್ಕದಲ್ಲೇ ಹದಿನೈದು ದಿನ ತಡೆಯುವ ಹೊಲಕ್ಕೂ ವ್ಯತ್ಯಾಸ ಬರುವುದು ಬಹಳ ಸಲ ಇಲ್ಲೇ.

ಹಂತ 5: ಕೆಂಪು ಮಣ್ಣಾದರೆ

ತುಮಕೂರು, ಕೋಲಾರ, ಚಿತ್ರದುರ್ಗ, ರಾಮನಗರದ ಕಡೆಯ ಕೆಂಪು ಮಣ್ಣಿನ ಮುಖ್ಯ ಕಾಯಿಲೆ ಮೇಲೆ ಹೆಪ್ಪುಗಟ್ಟುವುದು. ರಾಗಿ, ನವಣೆಯಂಥ ಸಣ್ಣ ಕಾಳಿನ ಮೊಳಕೆಗೆ ಆ ಪದರ ಒಡೆದು ಬರುವ ಶಕ್ತಿ ಇರುವುದಿಲ್ಲ.

ಮೊದಲ ಕೆಲಸ, ರೋಟವೇಟರ್ ಬಳಕೆ ಕಡಿಮೆ ಮಾಡುವುದು. ಹೊಲ ಹಿಟ್ಟಿನ ಹಾಗೆ ನುಣ್ಣಗಿದ್ದರೆ ನೋಡಲು ಚೆಂದ. ಆದರೆ ಹಿಟ್ಟಿಗೆ ಮಳೆ ಬಿದ್ದರೆ ಏನಾಗುತ್ತದೋ ಅದೇ ಆಗುತ್ತದೆ. ಬಿತ್ತನೆ ಸಾಲಿನಲ್ಲಿ ಮಾತ್ರ ಮಣ್ಣು ಸಣ್ಣಗಿರಲಿ. ಉಳಿದ ಕಡೆ ಗೋಲಿ ಗಾತ್ರದ ಹೆಂಟೆಗಳು ಇದ್ದರೆ ಒಳ್ಳೆಯದೇ, ಅವು ನೀರನ್ನು ತಡೆಯುತ್ತವೆ. ಮಾಗಿ ಉಳುಮೆ, ಬೇಸಿಗೆ ಉಳುಮೆ ಯಾವುದೇ ಇರಲಿ, ಇಳಿಜಾರಿಗೆ ಅಡ್ಡಲಾಗಿ ಮಾಡಿ. ಟ್ರ್ಯಾಕ್ಟರ್ ಚಾಲಕ ಉದ್ದ ಸಾಲು ಸಿಗುವ ದಿಕ್ಕಿಗೇ ಹೊಡೆಯುತ್ತಾನೆ, ಅವನಿಗೆ ಡೀಸೆಲ್ ಲೆಕ್ಕ. ಹೊಲದಲ್ಲಿ ನಿಂತು ಹೇಳಿ ಮಾಡಿಸಿ.

ಗಟ್ಟಿ ಪದರ ಇದ್ದ ಹೊಲಕ್ಕೆ ಬೇಸಿಗೆಯಲ್ಲಿ, ಮಣ್ಣು ಒಣಗಿದ್ದಾಗ, ಆಳಕ್ಕೆ ಸೀಳುವ ಚಿಸಲ್ ನೇಗಿಲು ಹೊಡೆಸಿ. ಒಣ ಮಣ್ಣಿನಲ್ಲಿ ಪದರ ಬಿರಿಯುತ್ತದೆ. ಹಸಿಯಿದ್ದಾಗ ಹೊಡೆದರೆ ಬರೀ ಒಂದು ಸೀಳು ಬಿದ್ದು ಸುಮ್ಮನಾಗುತ್ತದೆ. ಸೀಳಿದ ವರ್ಷವೇ ತೊಗರಿ, ಔಡಲ, ಅಪ್ಸೆಣಬಿನಂಥ ಆಳ ಬೇರಿನ ಬೆಳೆ ಹಾಕಿ. ಬೇರು ಇಳಿದ ಜಾಗ ಕೊಳೆತ ಮೇಲೂ ನೀರಿಗೆ ದಾರಿಯಾಗಿ ಉಳಿಯುತ್ತದೆ. ಅಕ್ಕಡಿ ಸಾಲಿನಲ್ಲಿ ರಾಗಿಯ ಜೊತೆ ತೊಗರಿ, ಅವರೆ, ಹುಚ್ಚೆಳ್ಳು ಹಾಕುತ್ತಿದ್ದ ಪದ್ಧತಿಯಲ್ಲಿ ಈ ಲಾಭವೂ ಇತ್ತು. ರಾಗಿಯ ಬೇರು ಮೇಲೆ ಜಾಲ ಕಟ್ಟುತ್ತದೆ, ತೊಗರಿಯ ಬೇರು ಕೆಳಗೆ ಹೋಗುತ್ತದೆ.

ಹೊದಿಕೆಯ ವಿಷಯ. "ಬೆಳೆ ಉಳಿಕೆಯನ್ನು ಹೊಲದಲ್ಲೇ ಹಾಸಿ" ಎಂದು ಎಲ್ಲ ಕೈಪಿಡಿಗಳೂ ಬರೆಯುತ್ತವೆ. ರಾಗಿ ಹುಲ್ಲು ಹೊಲಕ್ಕೆ ಹಾಸಿದರೆ ಹಸು ಏನು ತಿನ್ನಬೇಕು? ದನ ಇರುವ ಮನೆಯಲ್ಲಿ ಈ ಸಲಹೆ ನಡೆಯುವುದಿಲ್ಲ. ಅದಕ್ಕೆ ಬದಲು ಬದುವಿನ ಮೇಲೆ ಹೊಂಗೆ, ಗ್ಲಿರಿಸಿಡಿಯಾ ಬೆಳೆಸಿ, ವರ್ಷಕ್ಕೆರಡು ಸಲ ಸವರಿ ಸೊಪ್ಪು ಹಾಸಿ. ಏಪ್ರಿಲ್–ಮೇ ತಿಂಗಳ ಭರಣಿ, ಕೃತ್ತಿಕೆ ಮಳೆ ಬಿದ್ದರೆ ಹೊಲ ಖಾಲಿ ಬಿಡಬೇಡಿ. ಅಪ್ಸೆಣಬನ್ನೋ ಹುರುಳಿಯನ್ನೋ ಚೆಲ್ಲಿ. ಮುಂಗಾರಿನ ಮೊದಲ ಹೊಡೆತ ಬರಿಯ ನೆಲಕ್ಕೆ ಬೀಳದೆ ಎಲೆಗೆ ಬೀಳುತ್ತದೆ. ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಒಂದೆರಡು ವಾರ ಕೊಳೆಯಲು ಬಿಟ್ಟು ರಾಗಿ ಬಿತ್ತಿ. ಕಬ್ಬು ಬೆಳೆಯುವವರು ರವದಿ (ಕಬ್ಬಿನ ಒಣಗರಿ) ಸುಡುವುದನ್ನು ನಿಲ್ಲಿಸಿದರೆ ಅಷ್ಟೇ ಸಾಕು, ಬೇರೆ ಹೊದಿಕೆ ಹುಡುಕಬೇಕಿಲ್ಲ.

ಕೊಟ್ಟಿಗೆ ಗೊಬ್ಬರ ಎಕರೆಗೆ ಮೂರು ಟನ್ ಆಸುಪಾಸು ಹೊಂದಿಸಲು ನೋಡಿ. ಇಡೀ ಜಮೀನಿಗೆ ಸಾಲದಿದ್ದರೆ ತೆಳುವಾಗಿ ಎಲ್ಲ ಕಡೆ ಚೆಲ್ಲಬೇಡಿ. ಹೆಂಟೆ ಪರೀಕ್ಷೆಯಲ್ಲಿ ಸೋತ ಭಾಗಕ್ಕೆ ಮೊದಲು ಕೊಡಿ. ಮಣ್ಣು ಆರೋಗ್ಯ ಚೀಟಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕಡಿಮೆ ಇದ್ದರೆ ಅದು 'ಕಡಿಮೆ' ಎಂದೇ ಲೆಕ್ಕ. ಒಂದೇ ವರ್ಷದಲ್ಲಿ ಆ ಅಂಕಿ ಏರುವುದಿಲ್ಲ. ನೀರು ಇಂಗುವ ವೇಗ ಮಾತ್ರ ಅದಕ್ಕಿಂತ ಬೇಗ ಸುಧಾರಿಸುವುದು ಕಾಣುತ್ತದೆ. ಕೆರೆ ಗೋಡು (ಕೆರೆಯ ಹೂಳು) ಸಿಕ್ಕರೆ ಬಿಡಬೇಡಿ, ಮರಳು ಮಣ್ಣಿಗೆ ನೀರು ಹಿಡಿಯುವ ಶಕ್ತಿ ಬರುತ್ತದೆ. ಆದರೆ ಹೊಡೆಸಿದ ಮೇಲೆ ಮಣ್ಣಿನೊಂದಿಗೆ ಚೆನ್ನಾಗಿ ಬೆರೆಸಿ. ಮೇಲೆ ಪದರವಾಗಿ ಬಿಟ್ಟರೆ ನೀರು ಆ ಪದರದಲ್ಲೇ ನಿಲ್ಲುತ್ತದೆ, ಕೆಳಗಿಳಿಯುವುದಿಲ್ಲ.

ಬಿತ್ತಿದ ಮೂರನೇ ದಿನಕ್ಕೆ ಜೋರು ಮಳೆ ಬಂದು, ಮೇಲೆ ಹೆಪ್ಪುಗಟ್ಟಿದರೆ? ಪೂರ್ತಿ ಒಣಗಿ ಗಟ್ಟಿಯಾಗುವ ಮೊದಲೇ, ಮಣ್ಣು ಅರೆ ಹಸಿ ಇರುವಾಗ, ಮುಳ್ಳಿನ ಕೊಂಬೆಯನ್ನೋ ಹಗುರ ಹಲುಬೆಯನ್ನೋ ಒಮ್ಮೆ ಎಳೆಯಿರಿ. ಒಂದು ದಿನ ತಡವಾದರೂ ಮೊಳಕೆ ಒಳಗೇ ಮುದುರಿ ಸಾಯುತ್ತದೆ.

ಹಂತ 6: ಎರೆ ಹೊಲವಾದರೆ

ವಿಜಯಪುರ, ಬಾಗಲಕೋಟೆ, ಗದಗ, ಕಲಬುರಗಿ, ರಾಯಚೂರಿನ ಎರೆ ಭೂಮಿಯಲ್ಲಿ ನೀರಿನ ನಡಿಗೆಯೇ ಬೇರೆ. ಬೇಸಿಗೆಯಲ್ಲಿ ಬಿರಿದ ನೆಲಕ್ಕೆ ಮೊದಲ ಮಳೆ ಬಿದ್ದಾಗ ನೀರು ಬಿರುಕಿನಲ್ಲಿ ಸೀದಾ ಕೆಳಗೆ ಹೋಗುತ್ತದೆ. ಮೇಲಿನ ಮಣ್ಣು ಒಣಗಿದ್ದರೂ ಮೂರು ಅಡಿ ಕೆಳಗೆ ತೇವ ಇರಬಹುದು. ಆಮೇಲೆ ಜೇಡಿ ಉಬ್ಬಿ ಬಿರುಕು ಮುಚ್ಚುತ್ತದೆ. ಆಮೇಲಿನ ಮಳೆಗೆ ಗಂಟೆಗೆ ಕೆಲವೇ ಮಿ.ಮೀ. ಇಂಗುತ್ತದೆ, ಉಳಿದದ್ದು ನಿಲ್ಲುತ್ತದೆ ಅಥವಾ ಹರಿಯುತ್ತದೆ.

ಹಾಗಾಗಿ ಎರೆಯಲ್ಲಿ ನೀರಿಗೆ ಇಂಗಲು ಹೊತ್ತು ಕೊಡಬೇಕು. ಹಿಂಗಾರಿ ಜೋಳ, ಕಡಲೆ ಹಾಕುವ ಹೊಲದಲ್ಲಿ ಮುಂಗಾರು ಮಳೆ ಜೋರಾಗುವ ಮೊದಲೇ ಚೌಕು ಮಡಿ ಮಾಡಿ. ಹತ್ತು ಹದಿನೈದು ಅಡಿಯ ಚೌಕಗಳು, ಸುತ್ತ ಗಿಡ್ಡ ಒಡ್ಡು. ಇಳಿಜಾರು ಜಾಸ್ತಿ ಇದ್ದರೆ ಚೌಕ ಚಿಕ್ಕದಾಗಿರಲಿ. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಹಿಡಿದುಕೊಳ್ಳುತ್ತದೆ. ಹಿಂಗಾರಿ ಬೆಳೆ ನಿಂತಿರುವುದೇ ಹೀಗೆ ಕೂಡಿಟ್ಟ ಹಸಿಯ ಮೇಲೆ. ಒಂದು ಮಳೆ ಜಾಸ್ತಿ ಹಿಡಿದರೂ ಜೋಳದ ತೆನೆಯಲ್ಲಿ ಗೊತ್ತಾಗುತ್ತದೆ.

ಮುಂಗಾರಿ ತೊಗರಿ, ಸೋಯಾ ಹಾಕುವವರ ಪಾಡು ಬೇರೆ. ಅವರಿಗೆ ನೀರು ನಿಂತರೂ ಕಷ್ಟ. ಎರೆಯಲ್ಲಿ ಎರಡು ಮೂರು ದಿನ ನೀರು ನಿಂತರೆ ಬೇರಿಗೆ ಗಾಳಿ ಸಿಗದೆ ತೊಗರಿ ಹಳದಿಯಾಗುತ್ತದೆ. ಇಲ್ಲಿ ಚೌಕು ಮಡಿ ಬೇಡ, ಅಗಲ ಮಡಿ ಮತ್ತು ಸಾಲು ಬೇಕು. ಹೈದರಾಬಾದ್ ಬಳಿಯ ಪಟಾಂಚೇರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆ ಎರೆ ಭೂಮಿಗೆಂದೇ ಬೆಳೆಸಿದ ಪದ್ಧತಿ ಇದು. ಸುಮಾರು ಒಂದು ಮೀಟರ್ ಅಗಲದ ಎತ್ತರದ ಮಡಿಯಲ್ಲಿ ಬೆಳೆ, ಪಕ್ಕದ ಸಾಲಿನಲ್ಲಿ ನೀರು. ಮಳೆ ಕಡಿಮೆಯಾದರೆ ಸಾಲಿನ ನೀರು ಮಡಿಗೆ ಒಸರುತ್ತದೆ. ಜಾಸ್ತಿಯಾದರೆ ಸಾಲಿನಲ್ಲೇ ಮೆಲ್ಲಗೆ ಹೊರಗೆ ನಡೆಯುತ್ತದೆ. ಮಳೆ ಯಾವ ಕಡೆ ತಿರುಗುತ್ತದೋ ಗೊತ್ತಿಲ್ಲದ ಈ ದಿನಗಳಲ್ಲಿ, ನನ್ನನ್ನು ಕೇಳಿದರೆ ಮುಂಗಾರಿ ಎರೆಗೆ ಇದಕ್ಕಿಂತ ಒಳ್ಳೆಯ ದಾರಿ ಕಾಣೆ.

ಮಳೆ ತಡೆದು ಬಿರುಕು ಮೂಡತೊಡಗಿದ ಕೂಡಲೇ ಎಡೆ ಹೊಡೆಯಿರಿ. ಬಿರುಕು ಅಂದರೆ ಒಳಗಿನ ತೇವ ಆವಿಯಾಗುವ ಕಿಟಕಿ. ಎಡೆಕುಂಟೆ ಹೊಡೆದಾಗ ಸಡಿಲ ಮಣ್ಣು ಬಿರುಕಿಗೆ ಬಿದ್ದು ಅದನ್ನು ಮುಚ್ಚುತ್ತದೆ. ಕಳೆ ಇಲ್ಲದಿದ್ದರೂ ಹೊಡೆಯಬೇಕು. ಕಳೆನಾಶಕ ಬಂದ ಮೇಲೆ ಎಡೆ ಹೊಡೆಯುವುದೇ ಬೇಡ ಅಂದುಕೊಂಡವರು ಈ ಲಾಭ ಕಳೆದುಕೊಂಡಿದ್ದಾರೆ.

ಮಲೆನಾಡು, ಕರಾವಳಿಯವರಿಗೆ ಒಂದೆರಡು ಮಾತು

ಜಂಬಿಟ್ಟಿಗೆ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ಬೇಗ ಬಸಿದು ಹೋಗುತ್ತದೆ. ಜುಲೈನಲ್ಲಿ ತೋಟ ಮುಳುಗಿ, ಮಾರ್ಚ್‌ನಲ್ಲಿ ನೀರಿಗೆ ಪರದಾಡುವುದು ಅದಕ್ಕೇ. ಅಡಿಕೆ ತೋಟದ ಬಸಿಗಾಲುವೆಯನ್ನು ಮಳೆಗಾಲಕ್ಕೆ ಮೊದಲೇ ಹೂಳೆತ್ತಿ, ಬುಡಕ್ಕೆ ಸೊಪ್ಪು-ದರಕಿನ ಹೊದಿಕೆ ಬಿಡಬೇಡಿ.

ಇಂಗುಗುಂಡಿಯ ಬಗ್ಗೆ ಎಚ್ಚರಿಕೆ ಇರಲಿ. ಕಡಿದಾದ ಗುಡ್ಡದಲ್ಲಿ, ಅದರಲ್ಲೂ ಮನೆಗೋ ರಸ್ತೆಗೋ ಕೆಳಗೆ ಮಣ್ಣು ಕಡಿದಿರುವ ಕಡೆ, ಮೇಲ್ಭಾಗದಲ್ಲಿ ಇಂಗುಗುಂಡಿ ತೆಗೆಯಬೇಡಿ. ಮಣ್ಣಿನ ಸಂದುಗಳಲ್ಲಿ ನೀರು ತುಂಬಿ ಒತ್ತಡ ಏರಿದರೆ ಮಣ್ಣಿನ ಹಿಡಿತ ಸಡಿಲವಾಗುತ್ತದೆ, ಗುಡ್ಡ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗು ಕಂಡದ್ದನ್ನು ಯಾರೂ ಮರೆತಿಲ್ಲ. ಅಂಥ ಕಡೆ ನೀರನ್ನು ಇಂಗಿಸುವುದಕ್ಕಿಂತ ಸುರಕ್ಷಿತವಾಗಿ ಹೊರಗೆ ಕಳಿಸುವುದೇ ಸರಿ.

ಹಂತ 7: ಮಳೆ ನಿಂತ ಮೇಲೆ ಯಾವಾಗ ಹೊಲಕ್ಕಿಳಿಯಬೇಕು?

ಮೊದಲು ಹದ ಮಳೆ ಬಂದು, ನಾಲ್ಕೈದು ದಿನ ಬಿಡುವು ಕೊಡುತ್ತಿತ್ತು. ಈಗ ಬಿಡುವು ಎರಡೇ ದಿನ. ಆ ಆತುರದಲ್ಲಿ ಹಸಿ ನೆಲಕ್ಕೆ ಟ್ರ್ಯಾಕ್ಟರ್ ಇಳಿಸುತ್ತೇವೆ. ಸುಮಾರು ಎರಡು ಟನ್ ತೂಕದ ಗಾಡಿ ಹಸಿ ಮಣ್ಣಿನ ಮೇಲೆ ಓಡಿದರೆ ಸಂದುಗಳು ಹಿಂಡಿ ಹೋಗುತ್ತವೆ. ಚಕ್ರದ ಜಾಡಿನಲ್ಲಿ ನೀರು ಇಂಗುವುದಿಲ್ಲ, ಆ ಜಾಡೇ ಮುಂದಿನ ಮಳೆಗೆ ಕೊರಕಲಾಗುತ್ತದೆ.

ಹದ ನೋಡುವುದು ಸುಲಭ. ಅರ್ಧ ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆಯಿರಿ. ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ. ಕಡ್ಡಿಪೆಟ್ಟಿಗೆಯ ಕಡ್ಡಿಯಷ್ಟು ಸಣ್ಣಗೆ ಬತ್ತಿ ಬಂದರೆ ಇನ್ನೂ ಹಸಿ ಜಾಸ್ತಿ, ಮನೆಗೆ ಹೋಗಿ. ಅಷ್ಟು ಸಣ್ಣ ಆಗುವ ಮೊದಲೇ ಮುರಿದು ಉದುರಿದರೆ ಹದ ಬಂದಿದೆ. ಮೇಲ್ಮಣ್ಣು ಮುಟ್ಟಿ ತೀರ್ಮಾನ ಮಾಡಬೇಡಿ, ಚಕ್ರದ ಭಾರ ಬೀಳುವುದು ಒಳಗೆ. ಇಳಿಯಲೇಬೇಕಾದರೆ ಪ್ರತಿ ಸಲ ಅದೇ ಜಾಡಿನಲ್ಲಿ ಓಡಿಸಿ, ಇಡೀ ಹೊಲ ತುಳಿಯುವುದು ತಪ್ಪುತ್ತದೆ.

ಹಂತ 8: ಉಳಿದ ನೀರಿಗೆ ದಾರಿ ಮಾಡಿ

ಎಷ್ಟೇ ಸಿದ್ಧ ಮಾಡಿದರೂ 100 ಮಿ.ಮೀ. ಮಳೆಯನ್ನು ಯಾವ ಹೊಲವೂ ಪೂರ್ತಿ ನುಂಗುವುದಿಲ್ಲ. ದೇಶದ ಹೊಲಗದ್ದೆ, ಗುಡ್ಡ ಎಲ್ಲ ಸೇರಿ ಹೆಕ್ಟೇರಿಗೆ ವರ್ಷಕ್ಕೆ ಸರಾಸರಿ 16 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬ ಹಳೆಯ ಅಂದಾಜಿದೆ. ಕೇಳಲು ಭಾರಿ ಅನ್ನಿಸಿದರೂ ದಪ್ಪದಲ್ಲಿ ಅದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಕಣ್ಣಿಗೆ ಕಾಣುವುದಿಲ್ಲ. ಹೋಗುವುದು ಮಾತ್ರ ಗೊಬ್ಬರದ ಸಾರ ಇರುವ ಮೇಲ್ಪದರವೇ.

ಬದು ಒಡೆಯುವುದು ಸಾಮಾನ್ಯವಾಗಿ ಅತಿ ತಗ್ಗಿನ ಜಾಗದಲ್ಲಿ. ಅಲ್ಲೇ ಕಲ್ಲು ಜೋಡಿಸಿ ಕೋಡಿ ಮಾಡಿ, ಮುಂದಿನ ಹಾದಿಗೆ ಗರಿಕೆ ಹಚ್ಚಿ. ಹುಲ್ಲಿನ ಮೇಲೆ ಹರಿಯುವ ನೀರು ಮಣ್ಣು ಕೊರೆಯುವುದಿಲ್ಲ. ಬದುವಿಗೆ ಲಾವಂಚ ಹಾಕಿದರೆ ಇನ್ನೂ ಒಳ್ಳೆಯದು. ಗುಂಡ್ಲುಪೇಟೆ ಕಡೆ ಹೊಲದ ಗಡಿಗೆ ಲಾವಂಚ ನೆಡುವುದು ತಲೆಮಾರುಗಳ ರೂಢಿ. ಅದರ ಬೇರು ಅಡ್ಡಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಬೆಳೆಯ ಜೊತೆ ಜಗಳಕ್ಕೆ ಬರುವುದಿಲ್ಲ. ಒತ್ತಾಗಿ ನೆಟ್ಟ ಸಾಲು ನೀರನ್ನು ಸೋಸಿ ಬಿಟ್ಟು ಮಣ್ಣನ್ನು ಹಿಡಿದುಕೊಳ್ಳುತ್ತದೆ.

ಕೋಡಿಯ ನೀರು ಕೃಷಿ ಹೊಂಡಕ್ಕೆ ಹೋಗುವಂತಿದ್ದರೆ ಒಂದು ಒಣ ಗಡುವು ದಾಟಲು ಆಸರೆ. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯಿಂದ ರಾಜ್ಯದಲ್ಲಿ ಹೊಂಡಗಳಿಗೇನೂ ಕೊರತೆ ಇಲ್ಲ, ಹೂಳು ತುಂಬಿದ ಹೊಂಡಗಳಿಗೂ ಕೊರತೆ ಇಲ್ಲ. ಹೊಂಡದ ಬಾಯಿಗೆ ಮುಂಚೆ ನಾಲ್ಕಡಿ ಚೌಕದ, ಎರಡಡಿ ಆಳದ ಹೂಳುಗುಂಡಿ ಮಾಡಿ. ಕೆಂಪು ನೀರು ಅಲ್ಲಿ ನಿಂತು, ಮಣ್ಣು ತಳಕ್ಕೆ ಕೂತು, ಮೇಲಿನ ನೀರು ಹೊಂಡಕ್ಕೆ ಹೋಗುತ್ತದೆ. ಪ್ರತಿ ದೊಡ್ಡ ಮಳೆಯ ನಂತರ ಆ ಗುಂಡಿಯಲ್ಲಿ ಎಷ್ಟು ಬಾಂಡ್ಲಿ ಮಣ್ಣು ಸಿಕ್ಕಿತು ಅಂತ ಮಳೆ ಲೆಕ್ಕದ ಪಕ್ಕ ಬರೆದು, ಆ ಮಣ್ಣನ್ನು ಹೊಲದ ಮೇಲ್ಭಾಗಕ್ಕೇ ಹಾಕಿ.

ಪೈಪ್ ಪರೀಕ್ಷೆಯನ್ನು ಮುಂದಿನ ವರ್ಷ ಮತ್ತೆ ಮಾಡುವಾಗ ಅದೇ ಜಾಗ, ಅದೇ ತಿಂಗಳು ನೋಡಿ ಮಾಡಿ. ಮೇ ತಿಂಗಳ ಒಣ ನೆಲಕ್ಕೂ ಸೆಪ್ಟೆಂಬರ್‌ನ ಹಸಿ ನೆಲಕ್ಕೂ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಚಕ್ರದ ಜಾಡಿನಲ್ಲಿ ಒಂದು, ಸಾಲಿನ ನಡುವೆ ಒಂದು, ಬದುವಿನ ಮೇಲೆ ಒಂದು, ಹೀಗೆ ಮೂರು ಕಡೆ ಅಳೆದರೆ ಸಾಕು.